ಹರಾಜು ಕೂಗುವವನಿಗೆ ಪರವಾನಗಿ ಬೇಕೆ?

ಕಳೆದ ಕೊಯ್ಲಿನ ಕಾಲದಲ್ಲಿ ಭದ್ರಾವತಿ ಕಡೆಯ ನಮ್ಮ ಸದಸ್ಯರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಶಿವಮೊಗ್ಗದ ನಮ್ಮ ಕಚೇರಿಗೆ ಬಂದಿದ್ದರು. ಅವರದು ಮೂರು ಎಕರೆ ಅಡಿಕೆ ತೋಟ. ಹುಡುಗ ಬಿ.ಕಾಂ. ಮುಗಿಸಿ ಎರಡು ವರ್ಷ ಕಳೆದಿತ್ತು. "ಇವನು ಹರಾಜುದಾರ ಆಗ್ತಾನಂತೆ ಸಾರ್, ಅದಕ್ಕೆ ಲೈಸೆನ್ಸು ಎಲ್ಲಿ ಕೊಡ್ತಾರೆ, ಏನೇನು ಬೇಕು ಸ್ವಲ್ಪ ಹೇಳಿ" ಎಂದು ತಂದೆ ಕೇಳಿದರು. ನಾವು ಹಿಂದುಮುಂದು ನೋಡದೆ, "ಹರಾಜು ಕೂಗೋಕೆ ಲೈಸೆನ್ಸು ಯಾಕೆ ತಮ್ಮಾ, ಗಂಟಲು ಗಟ್ಟಿ ಇದ್ರೆ ಸಾಕಲ್ಲ" ಎಂದು ನಕ್ಕುಬಿಟ್ಟೆವು. ಅವರಿಬ್ಬರೂ ನಗಲಿಲ್ಲ. ಒಂದೂವರೆ ಎಕರೆ ತೋಟವನ್ನು ಅಡವಿಟ್ಟು ಸಾಲ ಎತ್ತುವ ಮಾತುಕತೆ ಬ್ಯಾಂಕಿನಲ್ಲಿ ಆಗಲೇ ನಡೆದಿತ್ತೆಂಬುದು ಆಮೇಲೆ ಗೊತ್ತಾಯಿತು.

ನಕ್ಕದ್ದಕ್ಕೆ ನಾಚಿಕೆಯಾಗಿ, ಅವರಿಗೆ ಒಂದು ವಾರ ತಾಳಿ ಎಂದು ಹೇಳಿ, ಕಾಯ್ದೆ ಪುಸ್ತಕಗಳನ್ನು ತಿರುವಿ ಹಾಕಿದೆವು. ನಾವು ಕೊಟ್ಟ ಉತ್ತರ ಅರ್ಧ ಸರಿ, ಅರ್ಧ ತಪ್ಪು ಎಂಬುದು ಆಗ ತಿಳಿಯಿತು. ತಪ್ಪಾದ ಅರ್ಧವೇ ಬೆಳೆಗಾರನ ಜೇಬಿಗೆ ಸಂಬಂಧಿಸಿದ್ದು. ಮಂಡಿ ಇಡಬೇಕೆಂದಿರುವ ಯುವಕರು ನಮ್ಮ ಸದಸ್ಯರ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಮಂಡಿಗೆ ಅಡಿಕೆ ಹಾಕುವವರಂತೂ ನಾವೆಲ್ಲರೂ ಹೌದು. ಆದ್ದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಸರಿಯಾದ ಅರ್ಧವನ್ನು ನೋಡೋಣ. ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಅಂಗಳದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಹರಕೆಯ ಸೀರೆಗಳನ್ನು ಸವಾಲು ಹಾಕುವುದನ್ನು ಎಲ್ಲರೂ ನೋಡಿದ್ದೇವೆ. ಊರಿನ ಗಟ್ಟಿ ದನಿಯವನೊಬ್ಬ ನಿಂತು "ಒಂದು ಸಾರಿ, ಎರಡು ಸಾರಿ" ಎನ್ನುತ್ತಾನೆ. ಅವನ ಬಳಿ ಯಾವ ಕಾಗದವೂ ಇರುವುದಿಲ್ಲ, ಇರಬೇಕೆಂಬ ಕಾಯ್ದೆಯೂ ಇಲ್ಲ. ನಮ್ಮ ದೇಶದಲ್ಲಿ ಹರಾಜು ಕೂಗುವ ಕಸುಬಿಗೆಂದೇ ಎಲ್ಲರಿಗೂ ಅನ್ವಯಿಸುವ ಪರವಾನಗಿ ಎಂಬುದು ಇಲ್ಲ. ಅರಣ್ಯ ಇಲಾಖೆಯ ಡಿಪೋದಲ್ಲಿ ನಾಟಾ ಹರಾಜಾದರೆ ಅದನ್ನು ಇಲಾಖೆಯ ಅಧಿಕಾರಿಯೇ ನಡೆಸುತ್ತಾನೆ. ಕೋರ್ಟಿನ ಡಿಕ್ರಿಯ ಹರಾಜು ಕೋರ್ಟಿನ ಸಿಬ್ಬಂದಿಯಿಂದ ಆಗುತ್ತದೆ. ಸಹಕಾರ ಸಂಘದ ಸುಸ್ತಿದಾರನ ಜಮೀನು ಹರಾಜಿಗೆ ಬಂದರೆ (ಬಾರದಿರಲಿ) ಮಾರಾಟಾಧಿಕಾರಿ ಬರುತ್ತಾನೆ. ಇವರೆಲ್ಲರಿಗೂ ಅಧಿಕಾರ ಬರುವುದು ಹುದ್ದೆಯಿಂದ. ಒಡವೆ ಸಾಲ ಕೊಡುವ ಹಣಕಾಸು ಕಂಪನಿಗಳು ಅಡವಿನ ಚಿನ್ನವನ್ನು ಹರಾಜು ಹಾಕುವಾಗ ತಮ್ಮ ಆಡಳಿತ ಮಂಡಳಿ ಒಪ್ಪಿದ ಹರಾಜುದಾರನಿಂದಲೇ ಹಾಕಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದು ಕಂಪನಿಯನ್ನು ಕಟ್ಟಿಹಾಕುವ ನಿಯಮ, ಹರಾಜುದಾರನಿಗೆ ಕೊಡುವ ಲೈಸೆನ್ಸಲ್ಲ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಇಂಗ್ಲೆಂಡಿನಲ್ಲಿ 1845ರ ಕಾಯ್ದೆಯ ಪ್ರಕಾರ ಹರಾಜುದಾರನು ವರ್ಷಕ್ಕೆ 10 ಪೌಂಡು ತೆತ್ತು ಲೈಸೆನ್ಸು ಪಡೆಯಬೇಕಿತ್ತು. ಹರಾಜಿನ ಸ್ಥಳದಲ್ಲಿ ತನ್ನ ಹೆಸರು, ವಿಳಾಸ ಬರೆದ ಫಲಕ ತೂಗುಹಾಕಬೇಕಿತ್ತು. ಲೈಸೆನ್ಸು 1949ರಲ್ಲಿ ಹೋಯಿತು. ಅಮೆರಿಕದಲ್ಲಿ ರಾಜ್ಯಕ್ಕೊಂದು ರೀತಿ. ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ಹರಾಜು ಕಲಿಸುವ ಶಾಲೆಗೆ ಹೋಗಿ, ಪರೀಕ್ಷೆ ಬರೆದು ಲೈಸೆನ್ಸು ಪಡೆಯಬೇಕು. ಮತ್ತೆ ಕೆಲವು ರಾಜ್ಯಗಳಲ್ಲಿ ಇದಾವುದೂ ಇಲ್ಲ.

ನಮ್ಮಲ್ಲಿ ಕೂಗುವವನಿಗೆ ಲೈಸೆನ್ಸು ಇಲ್ಲದಿದ್ದರೂ ಕೂಗಿಗೆ ಕಾಯ್ದೆಯಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೆಯ ಪ್ರಕರಣ ಹರಾಜಿನ ವಿಚಾರವನ್ನೇ ಹೇಳುತ್ತದೆ. ಬೆಳೆಗಾರರು ಇದನ್ನು ತಿಳಿದಿರುವುದು ಒಳ್ಳೆಯದು. ಒಂದೊಂದು ಲಾಟೂ ಒಂದೊಂದು ಪ್ರತ್ಯೇಕ ಕರಾರು. ಸುತ್ತಿಗೆ ಬಡಿದಾಗ, ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ, ಮಾರಾಟ ಪೂರ್ಣವಾಗುತ್ತದೆ. ಅದಕ್ಕೆ ಮುಂಚೆ ಕೂಗಿದವನು ತನ್ನ ಕೂಗನ್ನು ಹಿಂದಕ್ಕೆ ಪಡೆಯಬಹುದು. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂದು ಮಾರುವವನು ಮೊದಲೇ ಬೆಲೆ ಗೊತ್ತುಪಡಿಸಿಕೊಳ್ಳಬಹುದು. ಆದರೆ ತನ್ನ ಕಡೆಯವನನ್ನೇ ಜನರ ನಡುವೆ ನಿಲ್ಲಿಸಿ, ಮುಂಚಿತವಾಗಿ ತಿಳಿಸದೆ ಸುಳ್ಳು ಸವಾಲು ಕೂಗಿಸಿ ಬೆಲೆ ಏರಿಸಿದರೆ, ಕೊಂಡವನು ಆ ವ್ಯಾಪಾರವನ್ನು ರದ್ದುಮಾಡಬಹುದು. ದೇವರ ಬಾಳೆಗೊನೆಗೆ ಯಾರೂ ಇಷ್ಟು ದೂರ ಹೋಗುವುದಿಲ್ಲವೆನ್ನಿ.

ಇನ್ನು ತಪ್ಪಾದ ಅರ್ಧ. ಬಾಳೆಗೊನೆ ಅಂಗಳದಲ್ಲಿ ಹರಾಜಾಗುವುದು ಬೇರೆ, ಅಡಿಕೆ ಮೂಟೆ ಮಾರುಕಟ್ಟೆ ಪ್ರಾಂಗಣದಲ್ಲಿ ಹರಾಜಾಗುವುದು ಬೇರೆ. ಸಂವಿಧಾನದಲ್ಲಿ ಸಂತೆ, ಮಾರುಕಟ್ಟೆಗಳು ರಾಜ್ಯಗಳ ಪಟ್ಟಿಗೆ ಸೇರಿವೆ. ಕರ್ನಾಟಕದಲ್ಲಿ ಕೃಷಿ ಉತ್ಪನ್ನ ಮಾರಾಟಕ್ಕೆ 1966ರ ಕಾಯ್ದೆ ಇದೆ. ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ 1939ರ ಕಾಯ್ದೆ ಇತ್ತು. 1928ರಲ್ಲಿ ವರದಿ ಕೊಟ್ಟ ಲಿನ್‌ಲಿಥ್‌ಗೋ ಅವರ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿದ ಮೇಲೆ ದೇಶದ ಹಲವೆಡೆ ಇಂಥ ಕಾಯ್ದೆಗಳು ಬಂದವು.

ಏಕೆ ಬೇಕಾಯಿತು ಎಂಬುದು ಇಂದಿನ ಹುಡುಗರಿಗೆ ತಿಳಿಯದು. ದಲಾಲಿಯೂ ವ್ಯಾಪಾರಿಯೂ ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಮಾತನಾಡಿಕೊಳ್ಳುವ ಪದ್ಧತಿ ನಮ್ಮ ದೇಶದ ಹಲವು ಮಂಡಿಗಳಲ್ಲಿ ಇತ್ತು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿರುತ್ತಿದ್ದ. ಅವನ ಮಾಲು ಎಷ್ಟಕ್ಕೆ ಹೋಯಿತೆಂದು ಅವನಿಗೆ ಗೊತ್ತಾಗುತ್ತಿದ್ದುದು ಟವೆಲು ಸರಿದ ಮೇಲೆ, ಅದೂ ದಲಾಲಿ ಹೇಳಿದಷ್ಟು. ಆಮೇಲೆ ಪಟ್ಟಿಯಲ್ಲಿ ಧರ್ಮಕ್ಕೆಂದು, ಗೋಶಾಲೆಗೆಂದು, ಸೂಟು ಎಂದು, ಮಾದರಿ ಎಂದು ಕಳೆಯುತ್ತ ಹೋಗುತ್ತಿದ್ದರು. ಹರಾಜು ಬಹಿರಂಗವಾಗಿ ಆಗಬೇಕು, ಸೂಟು ಕಳೆಯಕೂಡದು, ತೂಕ ಸರಿಯಾಗಿರಬೇಕು, ಇದನ್ನೆಲ್ಲ ನೋಡಿಕೊಳ್ಳಲು ಒಂದು ಸಮಿತಿ ಇರಬೇಕು ಎಂಬುದು ಕಾಯ್ದೆಯ ಮೂಲ ಉದ್ದೇಶ. ಪ್ರಾಂಗಣದೊಳಗೆ ಕೆಲಸ ಮಾಡುವವರನ್ನು ಹಿಡಿತದಲ್ಲಿಡಲು ಸಮಿತಿಯ ಕೈಗೆ ಕೊಟ್ಟ ಹಗ್ಗವೇ ಲೈಸೆನ್ಸು. ಲೈಸೆನ್ಸಿಲ್ಲದೆ ಮಾರುಕಟ್ಟೆಯಲ್ಲಿ ವ್ಯಾಪಾರಿ, ಕಮಿಷನ್ ಏಜೆಂಟ್, ದಲ್ಲಾಳಿ, ತೂಕದವನು, ಹಮಾಲಿ ಯಾರಾಗಿಯೂ ಕೆಲಸ ಮಾಡುವಂತಿಲ್ಲ. ಮೂಟೆ ಹೊರುವವನ ಹೆಸರೂ ಸಮಿತಿಯ ಪುಸ್ತಕದಲ್ಲಿರಬೇಕು. ಆದರೆ ಗಮನಿಸಿ, ಈ ಸಾಲಿನಲ್ಲಿ 'ಹರಾಜುದಾರ' ಎಂಬ ಜಾತಿಯೇ ಇಲ್ಲ.

ಅದಕ್ಕೆ ಕಾರಣ ಶಿವಮೊಗ್ಗದ ಪ್ರಾಂಗಣದಲ್ಲಿ ಅರ್ಧ ದಿನ ನಿಂತರೆ ತಿಳಿಯುತ್ತದೆ. ಅಲ್ಲಿ ಅಡಿಕೆಯನ್ನು ಯಾರೂ ಕೂಗುವುದಿಲ್ಲ. ಬೆಳೆಗಾರ ತನ್ನ ಮಾಲನ್ನು ಒಬ್ಬ ಕಮಿಷನ್ ಏಜೆಂಟನ ಮಂಡಿಗೋ ಸಹಕಾರ ಸಂಘಕ್ಕೋ ಹಾಕುತ್ತಾನೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಮಾಡಿ ಲಾಟಿಗೆ ಒಂದು ನಂಬರು ಬೀಳುತ್ತದೆ. ಖರೀದಿದಾರರು ಮಂಡಿಯಿಂದ ಮಂಡಿಗೆ ತಿರುಗಿ ಚೀಲಕ್ಕೆ ಕೈ ಹಾಕಿ, ಒಂದು ಹೋಳು ಕಚ್ಚಿ, ಬಣ್ಣ ನೋಡಿ, ತಮಗೆ ತೋರಿದ ಬೆಲೆಯನ್ನು ಗುಟ್ಟಾಗಿ ನಮೂದಿಸುತ್ತಾರೆ. ಇದೇ ಟೆಂಡರು ಪದ್ಧತಿ. ಹಿಂದೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಸಂಸ್ಥೆಯೊಡನೆ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಕಂಪನಿಯ ಮೂಲಕ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಬೆಲೆ ಕಂಪ್ಯೂಟರಿಗೆ ಹೋಗುತ್ತದೆ. ಹೊತ್ತು ಮುಗಿದ ಮೇಲೆ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ಅದಕ್ಕೆ ಒಪ್ಪುವುದು ಬಿಡುವುದು ಬೆಳೆಗಾರನ ಹಕ್ಕು. ಬೆಲೆ ಹಿಡಿಸದಿದ್ದರೆ ಮಾಲನ್ನು ಮರುದಿನದ ಟೆಂಡರಿಗೆ ಇಡಬಹುದು. ಈ ಹಕ್ಕನ್ನು ನಮ್ಮವರಲ್ಲಿ ಎಷ್ಟು ಜನ ಬಳಸುತ್ತಾರೋ ಕಾಣೆವು. ಅನೇಕರು ಮಾಲು ಹಾಕಿ ಬಸ್ಸು ಹತ್ತಿಬಿಡುತ್ತಾರೆ, ಒಪ್ಪಿಗೆಯನ್ನೂ ಮಂಡಿಯವರೇ ಕೊಟ್ಟುಕೊಳ್ಳುತ್ತಾರೆ.

ಗುಟ್ಟಿನ ಟೆಂಡರು ಲೇಸೋ ಬಾಯಿ ಹರಾಜು ಲೇಸೋ ಎಂಬ ಚರ್ಚೆ ಹಳೆಯದು. ಕೂಗಿನಲ್ಲಿ ಒಬ್ಬರ ಹುಮ್ಮಸ್ಸು ಮತ್ತೊಬ್ಬರಿಗೆ ಹತ್ತಿ ಬೆಲೆ ಏರಬಹುದು ನಿಜ. ಆದರೆ ಕೊಳ್ಳುವವರು ನಾಲ್ಕೇ ಜನವಿದ್ದು ನಾಲ್ವರೂ ಒಟ್ಟಿಗೆ ಕಾಫಿ ಕುಡಿದು ಬಂದಿದ್ದರೆ ಕೂಗು ಏರುವುದಿಲ್ಲ, ಯಾರು ನಿಲ್ಲಿಸಿದರೆಂಬುದನ್ನು ಪರಸ್ಪರ ಕಣ್ಣಿನಲ್ಲೇ ನೋಡಿಕೊಳ್ಳಬಹುದು. ಟೆಂಡರಿನಲ್ಲಿ ಪಕ್ಕದವನು ಏನು ಬರೆದನೆಂದು ತಿಳಿಯದ ಕಾರಣ ಮಾತು ಮುರಿಯುವ ಆಸೆ ಯಾರಿಗಾದರೂ ಹುಟ್ಟಬಹುದು. ಅಡಿಕೆಯಂತೆ ಕೊಳ್ಳುವವರು ಎಣಿಕೆಗೆ ಸಿಗುವ ಮಾಲಿಗೆ ಟೆಂಡರೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಹೀಗಾಗಿ ಆ ಹುಡುಗನಿಗೆ ಬೇಕಾದದ್ದು ಹರಾಜುದಾರನ ಲೈಸೆನ್ಸಲ್ಲ, ಕಮಿಷನ್ ಏಜೆಂಟನ ಲೈಸೆನ್ಸು. ವ್ಯಾಪಾರಿಗೂ ಏಜೆಂಟನಿಗೂ ಇರುವ ಭೇದ ನಮ್ಮ ಸದಸ್ಯರಲ್ಲೂ ಕೆಲವರಿಗೆ ಸ್ಪಷ್ಟವಿಲ್ಲ. ವ್ಯಾಪಾರಿ ಮಾಲನ್ನು ತನಗಾಗಿ ಕೊಳ್ಳುತ್ತಾನೆ. ಕಡಿಮೆಗೆ ಸಿಕ್ಕಷ್ಟೂ ಅವನಿಗೆ ಲಾಭ. ಏಜೆಂಟ್ ಬೆಳೆಗಾರನ ಪರವಾಗಿ ಮಾರಿಕೊಡುವವನು. ಹೆಚ್ಚಿಗೆ ಮಾರಿದಷ್ಟೂ ಅವನ ಕಮಿಷನ್ ಹೆಚ್ಚು. ಕರ್ನಾಟಕದಲ್ಲಿ ಈ ಕಮಿಷನ್ನನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ಬೆಳೆಗಾರನ ಪಟ್ಟಿಯಲ್ಲಿ ಕಳೆಯುವಂತಿಲ್ಲ. ಮಾರುಕಟ್ಟೆ ಶುಲ್ಕವೂ ಕೊಳ್ಳುವವನದೇ. ನಿಮ್ಮ ಪಟ್ಟಿಯಲ್ಲಿ 'ದಲಾಲಿ' ಎಂದು ಒಂದು ಸಾಲು ಕಂಡರೆ, ಅದು ಯಾವ ಹೆಸರಿನಲ್ಲಿ ಇದ್ದರೂ ಸರಿ, ಕೇಳುವ ಹಕ್ಕು ನಿಮಗಿದೆ. ಒಬ್ಬನೇ ಏಜೆಂಟನೂ ಆಗಿ, ಮಗನ ಹೆಸರಲ್ಲೋ ಭಾವಮೈದುನನ ಹೆಸರಲ್ಲೋ ವ್ಯಾಪಾರಿಯೂ ಆಗಿದ್ದರೆ ಅವನು ಯಾರ ಕಡೆ ನಿಲ್ಲುತ್ತಾನೆಂಬುದನ್ನು ನಾವು ಬರೆಯಬೇಕಾದ್ದಿಲ್ಲ.

ಲೈಸೆನ್ಸಿಗೆ ಅರ್ಜಿ ಸಲ್ಲಿಸಬೇಕಾದ್ದು ಆಯಾ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ. ಶಿವಮೊಗ್ಗದ್ದೇ ಒಂದು ಸಮಿತಿ, ಭದ್ರಾವತಿಯದೇ ಒಂದು ಸಮಿತಿ. ನಡುವಿನ ದಾರಿ ಬಸ್ಸಿನಲ್ಲಿ ಅರ್ಧ ಗಂಟೆಯದಾದರೂ ಕಾಯ್ದೆಯ ಕಣ್ಣಿಗೆ ಅವು ಎರಡು ಮಾರುಕಟ್ಟೆಗಳು. ಭದ್ರಾವತಿಯಲ್ಲಿ ಮಂಡಿ ಇಡುವವನು ಭದ್ರಾವತಿ ಸಮಿತಿಯ ಮುಂದೆ ನಿಲ್ಲಬೇಕು. ಕಮಿಷನ್ ಮಂಡಿ ಎಂಬುದು ಒಂದು ಪ್ರಾಂಗಣಕ್ಕೆ ಕಟ್ಟಿಕೊಂಡ ವ್ಯವಹಾರ. ಖರೀದಿದಾರರ ಮಾತು ಬೇರೆ. ಒಂದೇ ಲೈಸೆನ್ಸಿನಲ್ಲಿ ಹಲವು ಮಾರುಕಟ್ಟೆಗಳ ಟೆಂಡರಿಗೆ ಬೆಲೆ ನಮೂದಿಸಲು ಅನುಕೂಲವಾಗುವಂತೆ ಏಕೀಕೃತ ಲೈಸೆನ್ಸಿನ ಏರ್ಪಾಡು ಹೊಸ ವೇದಿಕೆಯೊಡನೆ ಬಂದಿದೆ. ದೂರದ ಊರಿನ ವ್ಯಾಪಾರಿಯೂ ನಮ್ಮ ಲಾಟಿಗೆ ಬೆಲೆ ಹಾಕಬೇಕೆಂಬುದು ಅದರ ಆಶಯ. ಅಡಿಕೆಯನ್ನು ಕಚ್ಚಿ ನೋಡದೆ ಎಷ್ಟು ಜನ ಬೆಲೆ ಹಾಕಿಯಾರು ಎಂಬುದು ಬೇರೆ ಪ್ರಶ್ನೆ.

ಅರ್ಜಿಯೊಡನೆ ಗುರುತಿನ, ವಿಳಾಸದ ದಾಖಲೆ, ವ್ಯವಹಾರ ನಡೆಸುವ ಸ್ಥಳದ ವಿವರ, ನಿಗದಿಯಾದ ಶುಲ್ಕ ಮತ್ತು ಭದ್ರತೆ ಇವು ಬೇಕು. ಒಣ ಅಡಿಕೆಗೆ ಶೇಕಡ 5ರ ಜಿಎಸ್‌ಟಿ ಇರುವುದರಿಂದ ಆ ನೋಂದಣಿಯೂ ಕೈಯಲ್ಲಿರಬೇಕು. ಇವುಗಳಲ್ಲಿ ಭದ್ರತೆಯ ಬಾಬತ್ತು ಮುಖ್ಯ. ಏಜೆಂಟ್ ಕೈಯೆತ್ತಿದರೆ ಬೆಳೆಗಾರನಿಗೆ ಸ್ವಲ್ಪವಾದರೂ ಸಿಗಲೆಂದು ಸಮಿತಿಯ ಬಳಿ ಇಡುವ ಗಂಟು ಅದು. ಲೈಸೆನ್ಸಿಗೆ ಅವಧಿಯಿದೆ, ಅದು ತೀರುವ ಮೊದಲೇ ನವೀಕರಿಸಿಕೊಳ್ಳಬೇಕು. ಸಮಿತಿ ಕೇಳಿದಾಗ ಲೆಕ್ಕಪುಸ್ತಕ ತೋರಿಸಬೇಕು. ದಿವಾಳಿಯಾದವನಿಗೆ, ಹಿಂದೆ ಹಣ ಉಳಿಸಿಕೊಂಡು ಹೋದವನಿಗೆ ಸಮಿತಿ ಲೈಸೆನ್ಸು ನಿರಾಕರಿಸಬಹುದು. ಕೊಟ್ಟದ್ದನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಆದರೆ ಕಾರಣವನ್ನು ಬರೆದು ತಿಳಿಸಬೇಕು, ಅದರ ಮೇಲೆ ಮೇಲ್ಮನವಿಗೆ ಅವಕಾಶವಿದೆ. ಪರೀಕ್ಷೆ, ಪದವಿ, ತರಬೇತಿ ಯಾವುದೂ ಇಲ್ಲ. ಬಿ.ಕಾಂ. ಆದವನಿಗೂ ಏಳನೆಯ ತರಗತಿ ಓದಿದವನಿಗೂ ಒಂದೇ ಫಾರಂ. ಸಹಕಾರ ಸಂಘಗಳಿಗೂ ಇದೇ ಬಾಗಿಲು. 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್‌ನಂಥ ದೊಡ್ಡ ಸಂಸ್ಥೆಯೂ ಪ್ರಾಂಗಣದಲ್ಲಿ ಬೆಳೆಗಾರರ ಪರವಾಗಿ ಮಾರಿಕೊಡುವ ಏಜೆಂಟನ ಸ್ಥಾನದಲ್ಲೇ ನಿಲ್ಲುತ್ತದೆ.

ಇಷ್ಟನ್ನು ಕೇಳಿದ ಹುಡುಗ "ಹಾಗಾದರೆ ಸುಲಭವೇ ಆಯಿತಲ್ಲ" ಎಂದ. ಫಾರಂ ತುಂಬುವುದು ಸುಲಭವೇ. ಕಷ್ಟ ಎಲ್ಲಿದೆಯೆಂದು ತೋರಿಸಲು ಅವನ ಮುಂದೆಯೇ ಒಂದು ಲೆಕ್ಕ ಹಾಕಿದೆವು. ಬೆಲೆಯನ್ನು ಬರಿಯ ಲೆಕ್ಕಕ್ಕೆಂದು ಕ್ವಿಂಟಾಲಿಗೆ 45,000 ರೂಪಾಯಿ ಎಂದಿಟ್ಟುಕೊಂಡೆವು. ದಿನಕ್ಕೆ ಹತ್ತು ಲಾಟು, ಲಾಟಿಗೆ ಐದು ಕ್ವಿಂಟಾಲಿನಂತೆ 50 ಕ್ವಿಂಟಾಲು ಮಾಲು ಬಂದರೆ ಆ ದಿನದ ವಹಿವಾಟು 22 ಲಕ್ಷ 50 ಸಾವಿರ. ಕಮಿಷನ್ ಶೇಕಡ 2 ಎಂದು ಹಿಡಿದರೆ 45,000 ರೂಪಾಯಿ. ಹುಡುಗನ ಮುಖ ಅರಳಿತು. ಆದರೆ ಬೆಳೆಗಾರನಿಗೆ ಹಣ ಕೊಡುವ ಹೊಣೆ ಏಜೆಂಟನದು. ಕೊಂಡವನು ಕೊಟ್ಟನೋ ಬಿಟ್ಟನೋ ಎಂಬುದು ಏಜೆಂಟನ ತಲೆನೋವೇ ಹೊರತು ಬೆಳೆಗಾರನದಲ್ಲ. ಖರೀದಿದಾರನಿಂದ ಹಣ ಬರುವುದು ಆರು ವಹಿವಾಟಿನ ದಿನ ತಡವಾದರೆ 1 ಕೋಟಿ 35 ಲಕ್ಷ ರೂಪಾಯಿ ಏಜೆಂಟನ ಕೈಯಿಂದ ಹೊರಗೆ ನಿಂತಿರುತ್ತದೆ. ಅದಕ್ಕೆ ಬಡ್ಡಿ ಬೇರೆ. ಒಬ್ಬನೇ ಒಬ್ಬ ಖರೀದಿದಾರ ಒಂದು ದಿನದ ಮಾಲಿನ ಹಣ ಮುಳುಗಿಸಿದರೆ, ಅದನ್ನು ತುಂಬಿಕೊಳ್ಳಲು ಐವತ್ತು ದಿನದ ಕಮಿಷನ್ ಬೇಕು. ಅದೂ ಗುಮಾಸ್ತೆಯ ಸಂಬಳ, ಮಳಿಗೆಯ ಬಾಡಿಗೆ, ಬಡ್ಡಿ ಇವುಗಳನ್ನು ಲೆಕ್ಕಕ್ಕೆ ಹಿಡಿಯದೆ. ಒಂದೂವರೆ ಎಕರೆಯ ಅಡವು ಸಾಲ ಇದರ ಮುಂದೆ ಎಷ್ಟು ದಿನ ನಿಲ್ಲುತ್ತದೆಂದು ತಂದೆ ಬಾಯಲ್ಲೇ ಲೆಕ್ಕ ಹಾಕಿದರು.

ಅದಲ್ಲದೆ ಮುಂಗಡದ ಪ್ರಶ್ನೆ. ಮಳೆಗಾಲದಲ್ಲಿ ಗೊಬ್ಬರಕ್ಕೆ, ಬೋರ್ಡೋ ದ್ರಾವಣದ ಮೈಲುತುತ್ತಿಗೆ, ಮಗಳ ಮದುವೆಗೆ ಬೆಳೆಗಾರ ಮಂಡಿಗೆ ಬರುತ್ತಾನೆ. ಮುಂಗಡ ಕೊಡದ ಮಂಡಿಗೆ ಮಾಲು ಬರುವುದಿಲ್ಲ. ಕೊಟ್ಟರೆ ಬಂಡವಾಳ ಇನ್ನಷ್ಟು ಬೇಕು. ಬೆಳೆಗಾರನ ಕಡೆಯಿಂದ ನೋಡಿದರೆ, ಮುಂಗಡ ಪಡೆದವನು ಆ ಮಂಡಿಯನ್ನು ಬಿಟ್ಟು ಬೇರೆಡೆ ಮಾಲು ಹಾಕಲಾರ. ಬೆಲೆ ಹಿಡಿಸದಿದ್ದರೆ ಬೇಡವೆನ್ನುವ ಮೇಲಿನ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಸಂಘದಿಂದ ಬೆಳೆ ಸಾಲ ಪಡೆಯಿರಿ ಎಂದು ನಾವು ಹೇಳುತ್ತಲೇ ಬಂದಿರುವುದು ಬಡ್ಡಿಯ ದರವೊಂದಕ್ಕಾಗಿ ಅಲ್ಲ.

ಲೈಸೆನ್ಸು ಹೊಂದಿದ ನಿಜವಾದ ಹರಾಜುದಾರ ಎಲ್ಲೂ ಇಲ್ಲವೇ ಎಂದು ಹುಡುಗ ಕೇಳಿದ. ಇದ್ದಾನೆ. ಹುಡುಕಬೇಕಾದ್ದು ಅಡಿಕೆಯಲ್ಲಿ ಅಲ್ಲ, ಏಲಕ್ಕಿಯಲ್ಲಿ. 1965ರ ಏಲಕ್ಕಿ ಕಾಯ್ದೆಯ ಕಾಲದಿಂದಲೂ ಈ ಬೆಳೆಯ ಮಾರಾಟ ಕೇಂದ್ರ ಸರ್ಕಾರದ ಕಣ್ಣಿನಡಿಯಲ್ಲಿದೆ. ಏಲಕ್ಕಿ ಮಂಡಳಿಯ ಜಾಗದಲ್ಲಿ 1987ರಲ್ಲಿ ಸಾಂಬಾರ ಮಂಡಳಿ ಬಂತು. ಅದೇ ವರ್ಷದ ಏಲಕ್ಕಿ ಲೈಸೆನ್ಸು ಮತ್ತು ಮಾರಾಟ ನಿಯಮಗಳಲ್ಲಿ 'ಹರಾಜುದಾರ' ಎಂಬ ಪದವೇ ಇದೆ. ಏಲಕ್ಕಿಯನ್ನು ಹರಾಜು ಹಾಕುವವನೂ ಕೊಳ್ಳುವ ವ್ಯಾಪಾರಿಯೂ ಮಂಡಳಿಯಿಂದ ಬೇರೆ ಬೇರೆ ಲೈಸೆನ್ಸು ಪಡೆಯಬೇಕು. ಮೂರು ಮೂರು ವರ್ಷದ ಅವಧಿಗೆ ಲೈಸೆನ್ಸು ಕೊಡುತ್ತಾರೆ. ಬೆಳೆಗಾರ ಏಲಕ್ಕಿಯನ್ನು ಹರಾಜುದಾರನ ಬಳಿ ಹಾಕುತ್ತಾನೆ, ಮಾದರಿ ತೆಗೆಯುತ್ತಾರೆ, ಹರಾಜು ನಡೆಯುತ್ತದೆ, ಹಣ ಹರಾಜುದಾರನ ಮೂಲಕವೇ ಬೆಳೆಗಾರನಿಗೆ ಬರುತ್ತದೆ. 2007ರಿಂದ ಇದು ಕಂಪ್ಯೂಟರಿನಲ್ಲಿ ನಡೆಯುತ್ತಿದ್ದು, ಕೇರಳದ ಪುಟ್ಟಡಿ ಮತ್ತು ತಮಿಳುನಾಡಿನ ಬೋಡಿನಾಯಕನೂರು ಅದರ ಮುಖ್ಯ ಕೇಂದ್ರಗಳು. ಹರಾಜಿನಲ್ಲಿ ಮಾರಾಟವಾದ ಏಲಕ್ಕಿಯೇ ತಿರುಗಿ ಹರಾಜಿಗೆ ಬಂದು ಬೆಲೆ ಇಳಿಸುತ್ತದೆಂದು ಅಲ್ಲಿನ ಬೆಳೆಗಾರರ ದೂರು ಬಹುಕಾಲದಿಂದ ಇದೆ. ಲೈಸೆನ್ಸಿದ್ದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುವುದಿಲ್ಲ. ಶಿವಮೊಗ್ಗದ ಹುಡುಗನಿಗೆ ಈ ದಾರಿ ದೂರವಾಯಿತು.

ಉಳಿದ ತೋಟದ ಬೆಳೆಗಳದು ಒಂದೊಂದು ಕಥೆ. ಚಹಾ ಹರಾಜು ಕಲ್ಕತ್ತೆಯಲ್ಲಿ 1861ರಲ್ಲೇ ಆರಂಭವಾಯಿತು. ಅಲ್ಲಿ ಮಾರಿಕೊಡುವ ಬ್ರೋಕರುಗಳು ಚಹಾ ಮಂಡಳಿಯ ಅಂಕೆಯಲ್ಲಿದ್ದಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕಿಗೆ 1984ರಿಂದ ತಂಬಾಕು ಮಂಡಳಿಯೇ ಹರಾಜು ಕಟ್ಟೆ ನಡೆಸುತ್ತದೆ. ಅಲ್ಲಿ ಖಾಸಗಿ ಹರಾಜುದಾರನಿಗೆ ಜಾಗವಿಲ್ಲ. ನಮ್ಮ ಕಾಫಿಯ ಸಂಗತಿ ಹಿರಿಯರಿಗೆ ನೆನಪಿದೆ. 1942ರ ಕಾಯ್ದೆಯ ಮೇರೆಗೆ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು, ಮಂಡಳಿಯೇ ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತಿತ್ತು. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂಲ್ ಮುಗಿಯಿತು. ಆ ಮೇಲೆ ಬೆಂಗಳೂರಿನಲ್ಲಿ ಕಾಫಿ ವ್ಯಾಪಾರಿಗಳ ಸಂಘದ ಹರಾಜು ಬಂದರೂ, ಸಣ್ಣ ಬೆಳೆಗಾರನ ಚೆರಿ ಹೆಚ್ಚಾಗಿ ಊರಿನ ವ್ಯಾಪಾರಿಯ ಗೋದಾಮಿಗೇ ಹೋಗುತ್ತದೆ. ಕಾಫಿ ಬೆಳೆಗಾರನಿಗೆ ಟೆಂಡರಿನ ಬೆಲೆ ನೋಡಿ ಬೇಡವೆನ್ನುವ ಕಟ್ಟೆಯೇ ಇಲ್ಲ. ಈ ವಿಷಯದಲ್ಲಿ ಅಡಿಕೆಯವರು ಅದೃಷ್ಟವಂತರು.

ಆ ಅದೃಷ್ಟವನ್ನು ನಾವೇ ಕೈಯಾರೆ ಬಿಡುವುದೂ ಉಂಟು. ಮನೆ ಬಾಗಿಲಿಗೆ ಗಾಡಿ ತಂದು, ಸ್ಥಳದಲ್ಲೇ ತೂಗಿ, ಮಂಡಿಗಿಂತ ನೂರು ರೂಪಾಯಿ ಜಾಸ್ತಿ ಎನ್ನುವವರಿಗೆ ಅಡಿಕೆ ಕೊಡುವ ಅಭ್ಯಾಸ ಬೆಳೆದಿದೆ. ಕೆಲವು ವರ್ಷಗಳ ಹಿಂದೆ ನಮಗೆ ತಿಳಿದ ಐದಾರು ಮನೆಯವರು ಹೀಗೆ ಒಬ್ಬನಿಗೆ ಎರಡು ಹಂಗಾಮು ಕೊಟ್ಟರು. ಮೊದಲ ಹಂಗಾಮಿನಲ್ಲಿ ಹಣ ಚೊಕ್ಕವಾಗಿ ಬಂತು. ಎರಡನೆಯದರಲ್ಲಿ ಅರ್ಧ ಕೊಟ್ಟು, ಉಳಿದದ್ದು ಹದಿನೈದು ದಿನ ಎಂದ. ಆ ಮೇಲೆ ಫೋನು ಎತ್ತಲಿಲ್ಲ, ಬಾಡಿಗೆ ಮನೆಗೆ ಬೀಗ ಬಿದ್ದಿತ್ತು. ಅವರ ಕೈಯಲ್ಲಿ ಇದ್ದದ್ದು ಡೈರಿಯಿಂದ ಹರಿದ ಹಾಳೆ, ಅದರ ಮೇಲೆ ಚೀಲದ ಸಂಖ್ಯೆ ಮತ್ತು ಒಂದು ಗೀಚು ಸಹಿ. ಅವರೊಡನೆ ನಾವು ಮಾರುಕಟ್ಟೆ ಸಮಿತಿಗೆ ಹೋದಾಗ ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ, ಅವನ ಲೈಸೆನ್ಸು ನಂಬರು ಏನು ಎಂಬುದು. ಲೈಸೆನ್ಸು ಇರಲಿಲ್ಲವಾದ್ದರಿಂದ ಮುಟ್ಟುಗೋಲು ಹಾಕಲು ಭದ್ರತೆಯಿಲ್ಲ, ರದ್ದುಮಾಡಲು ಪರವಾನಗಿಯಿಲ್ಲ, ತೆಗೆದು ನೋಡಲು ಲೆಕ್ಕಪುಸ್ತಕವಿಲ್ಲ. ಪೋಲೀಸು ದೂರು, ಸಿವಿಲ್ ದಾವೆ ಎಂದು ಅಲೆದು, ಕೊನೆಗೆ ಅವರಲ್ಲಿ ಒಬ್ಬರಿಗೆ ಮಾತ್ರ ಸ್ವಲ್ಪ ಹಣ ಬಂತು. ಅವರು ತೂಕದ ದಿನ ಆ ಮನುಷ್ಯನಿಂದ ಚೆಕ್ಕು ಪಡೆದಿದ್ದರು.

ಪ್ರಾಂಗಣದ ಹೊರಗೆ ಮಾರುವುದೇ ಅಪರಾಧವೆಂದು ನಾವು ಹೇಳುತ್ತಿಲ್ಲ. 2020ರಲ್ಲಿ ಕೇಂದ್ರದ ಕಾಯ್ದೆಯೊಂದು ಪ್ಯಾನ್ ಕಾರ್ಡು ಇದ್ದವನು ಯಾರೇ ಆಗಲಿ ಪ್ರಾಂಗಣದ ಹೊರಗೆ ಕೊಳ್ಳಬಹುದೆಂದಿತು. ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ ಅದನ್ನು ತಡೆಹಿಡಿಯಿತು, ಅದೇ ವರ್ಷದ ನವೆಂಬರಿನಲ್ಲಿ ಸಂಸತ್ತು ರದ್ದುಮಾಡಿತು. 2020ರಲ್ಲೇ ನಮ್ಮ ರಾಜ್ಯದ ಕಾಯ್ದೆಯೂ ತಿದ್ದುಪಡಿಯಾಗಿ ಸಮಿತಿಯ ಹಿಡಿತ ಪ್ರಾಂಗಣದ ಬೇಲಿಯೊಳಗೆ ಕುಗ್ಗಿತು. ಅದನ್ನು ಹಿಂದಕ್ಕೆ ಪಡೆಯುವ ಮಸೂದೆಯನ್ನು 2023ರ ಜುಲೈನಲ್ಲಿ ವಿಧಾನಸಭೆ ಅಂಗೀಕರಿಸಿತು. ಕಾಯ್ದೆ ಆಚೆಗೂ ಈಚೆಗೂ ವಾಲುತ್ತಿರಲಿ, ಬೆಳೆಗಾರನಿಗೆ ಆಗುವ ವ್ಯತ್ಯಾಸ ಒಂದೇ: ಬೇಲಿಯೊಳಗೆ ಹಣ ನಿಂತರೆ ಸಮಿತಿಯ ಮುಂದೆ ದೂರು ಹೇಳಬಹುದು. ಹೊರಗೆ ನಿಂತರೆ ವಕೀಲರ ಮನೆಗೆ ಹೋಗಬೇಕು.

ಚೇಣಿಯೂ ಇದೇ ಸಾಲಿಗೆ ಸೇರುತ್ತದೆ. ಭದ್ರಾವತಿ, ಚನ್ನಗಿರಿ ಕಡೆ ತೋಟದ ಹಸಿ ಫಸಲನ್ನೇ ಚೇಣಿದಾರನಿಗೆ ವಹಿಸುವುದು ಹೆಚ್ಚು. ಕೊನೆ ಕೊಯ್ಯುವ, ಸುಲಿಯುವ, ಬೇಯಿಸುವ ಆಳುಗಳು ಸಿಗದ ಕಾಲದಲ್ಲಿ ಅದನ್ನು ತಪ್ಪೆನ್ನಲಾರೆವು. ಆದರೆ ಕರಾರು ಬಾಯಿಮಾತಿನದಾಗದೆ ಬರಹದಲ್ಲಿರಲಿ. ಯಾವ ತೂಕಕ್ಕೆ ಎಷ್ಟು, ಎಷ್ಟನೆಯ ಕೊಯ್ಲಿಗೆ ಎಷ್ಟು ಹಣ, ಯಾವ ದಿನ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ಚೇಣಿದಾರ ಆ ಅಡಿಕೆಯನ್ನು ಯಾವ ಮಂಡಿಗೆ ಹಾಕುತ್ತಾನೆಂದು ಕೇಳಿ ತಿಳಿದಿರಿ. ಆ ಮಂಡಿಗೆ ಹೋಗಿ ಒಮ್ಮೆ ವಿಚಾರಿಸುವುದರಲ್ಲಿ ಸಂಕೋಚ ಬೇಡ. ಹಾಗೆಯೇ, ಹೊಸದಾಗಿ ಮಂಡಿಗೆ ಮಾಲು ಹಾಕುವವರು ಏಜೆಂಟನ ಲೈಸೆನ್ಸು ಈ ಸಾಲಿಗೆ ನವೀಕರಣವಾಗಿದೆಯೇ ಎಂದು ಸಮಿತಿಯ ಕಚೇರಿಯಲ್ಲಿ ಕೇಳಬಹುದು. ಕೇಳಿದರೆ ಏಜೆಂಟನಿಗೆ ಬೇಸರವಾದೀತೆಂಬ ದಾಕ್ಷಿಣ್ಯ ನಮ್ಮ ಮಲೆನಾಡಿನವರಿಗೆ ಸ್ವಲ್ಪ ಹೆಚ್ಚು. ನೆಟ್ಟಗಿರುವ ಏಜೆಂಟ್ ಲೈಸೆನ್ಸನ್ನು ಗೋಡೆಗೆ ತೂಗುಹಾಕಿಕೊಂಡಿರುತ್ತಾನೆ.

ಆ ಹುಡುಗನ ವಿಷಯ ಹೇಳುವುದು ಮರೆತೆವು. ಅಡವಿನ ಮಾತು ಸದ್ಯಕ್ಕೆ ನಿಂತಿದೆ. ಒಂದು ಮಂಡಿಯಲ್ಲಿ ಗುಮಾಸ್ತೆಯಾಗಿ ಸೇರಿಕೊಂಡಿದ್ದಾನೆ, ಲಾಟಿಗೆ ನಂಬರು ಬರೆಯುವುದು, ಪಟ್ಟಿ ಮಾಡುವುದು ಅವನ ಕೆಲಸ. ಎರಡು ಹಂಗಾಮು ನೋಡಿಕೊಂಡು ಆಮೇಲೆ ಅರ್ಜಿ ಹಾಕುತ್ತೇನೆ ಎಂದಿದ್ದಾನೆ. ಮೊನ್ನೆ ಪ್ರಾಂಗಣದಲ್ಲಿ ಸಿಕ್ಕಾಗ, ಯಾವ ಖರೀದಿದಾರ ಎಷ್ಟು ದಿನಕ್ಕೆ ಹಣ ಕೊಡುತ್ತಾನೆಂದು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿರುವುದಾಗಿ ಹೇಳಿದ. ಪುಸ್ತಕವನ್ನು ಮಾತ್ರ ನಮಗೆ ತೋರಿಸಲಿಲ್ಲ.

ತಮ್ಮ ಪಟ್ಟಿಯಲ್ಲಿ ಏನೇನು ಕಳೆದಿದ್ದಾರೆಂದು ಅನುಮಾನವಿರುವ ಸದಸ್ಯರು ಕಳೆದ ಎರಡು ಹಂಗಾಮಿನ ಪಟ್ಟಿಗಳನ್ನು ತೂಕದ ಚೀಟಿಗಳೊಡನೆ ಕಚೇರಿಗೆ ತಂದರೆ, ಸಂತೆಯ ದಿನ ಬಿಟ್ಟು ಉಳಿದ ದಿನಗಳಲ್ಲಿ ಕುಳಿತು ನೋಡಿಕೊಡುತ್ತೇವೆ.